ಐದೇ ಐದು ಉಳಿದಿದ್ದ ಹಕ್ಕಿ, ಮತ್ತು ಅಂಚಿನ ಮೇಲಿನ ಮೊಟ್ಟೆ

ಪ್ರಶ್ನೆ: ಸರ್, ನಮ್ಮದು ಶರಾವತಿ ಹಿನ್ನೀರಿನ ಆಚೆ, ತುಮರಿ ಹತ್ತಿರದ ಹಳ್ಳಿ. ಏಳನೇ ಕ್ಲಾಸಿನ ಮಗಳು ಎಲ್ಲೋ ಓದಿಕೊಂಡು ಬಂದಿದ್ದಾಳೆ. ದೂರದ ಸಮುದ್ರದಲ್ಲಿ ಒಂದೇ ಒಂದು ಪುಟ್ಟ ದ್ವೀಪದಲ್ಲಿ ಉಳಿದಿದ್ದ ಕಪ್ಪು ಹಕ್ಕಿಯಂತೆ, ಕೊನೆಗೆ ಐದೇ ಇದ್ದವಂತೆ, ಈಗ ಮತ್ತೆ ನೂರಾರು ಆಗಿವೆಯಂತೆ. ಇದು ನಿಜವಾ? ರೆಕ್ಕೆ ಇದೆಯಲ್ಲ, ಪಕ್ಕದ ದ್ವೀಪಕ್ಕೆ ಹಾರಿ ಹೋಗಬಹುದಿತ್ತಲ್ಲ? ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಮಕ್ಕಳಿಗೆ ತೊಂದರೆ ಅಂತ ಡಾಕ್ಟರು ಹೇಳುತ್ತಾರೆ, ಹಕ್ಕಿಗೆ ಆ ತೊಂದರೆ ಇಲ್ವಾ? ನಮ್ಮ ಹಿನ್ನೀರಿನ ನಡುಗಡ್ಡೆಗಳಲ್ಲೂ ಮುಂದೆ ಹಾಗೆ ಬೇರೆ ಜಾತಿ ಹಕ್ಕಿ ಹುಟ್ಟಬಹುದಾ ಅಂತ ಅವಳ ಇನ್ನೊಂದು ಪ್ರಶ್ನೆ. ಮನೆಯಲ್ಲಿ ಮೂರು ಬೆಕ್ಕಿವೆ, ಅದಕ್ಕೂ ಏನಾದರೂ ಹೇಳಿ.

ಉತ್ತರ: ನಿಜ. ಐದು ಅನ್ನುವುದೂ ನಿಜ, ನೂರಾರು ಅನ್ನುವುದೂ ನಿಜ. ಮಗಳು ಸರಿಯಾಗೇ ಓದಿದ್ದಾಳೆ.

ಹಕ್ಕಿಯ ಹೆಸರು ಬ್ಲ್ಯಾಕ್ ರಾಬಿನ್. ಇರುವುದು ಚಾಥಮ್ ದ್ವೀಪಗಳಲ್ಲಿ, ಅಂದರೆ ನ್ಯೂಜಿಲೆಂಡಿನಿಂದ ಪೂರ್ವಕ್ಕೆ ಸಮುದ್ರದಲ್ಲಿ ಸುಮಾರು 800 ಕಿಲೋಮೀಟರ್ ಹೋದರೆ ಸಿಗುವ, ಗಾಳಿ ಬಿಡದೆ ಬೀಸುವ ಒಂದು ಗುಂಪು ದ್ವೀಪಗಳು. ಹಕ್ಕಿ ನಮ್ಮ ಗುಬ್ಬಚ್ಚಿಯಷ್ಟು. ಉದ್ದ 15 ಸೆಂಟಿಮೀಟರ್, ತೂಕ 25 ಗ್ರಾಂ ಒಳಗೆ. ಮೈ, ಕೊಕ್ಕು, ಕಾಲು ಎಲ್ಲ ಕಪ್ಪು. ಗಂಡು, ಹೆಣ್ಣು ನೋಡಲು ಒಂದೇ ಥರ. ರಾಬಿನ್ ಅನ್ನುವ ಹೆಸರು ನೋಡಿ ನಮ್ಮ ಮಡಿವಾಳ ಹಕ್ಕಿಯ ನೆಂಟ ಅಂದುಕೊಳ್ಳಬೇಡಿ, ಎರಡರ ಕುಟುಂಬವೇ ಬೇರೆ. ಮಡಿವಾಳನ ನಿಜವಾದ ನೆಂಟ ಇನ್ನೊಂದು ದ್ವೀಪದಲ್ಲಿದೆ, ಅದರ ವಿಷಯ ಬೆಕ್ಕಿನ ಪ್ರಶ್ನೆಗೆ ಬಂದಾಗ ಹೇಳುತ್ತೇನೆ.

ಇದು ಕಾಡಿನ ಒಳಗಿನ ಹಕ್ಕಿ. ಮರದ ನೆರಳಲ್ಲಿ, ತರಗೆಲೆ ಕೆದಕಿ ಹುಳ ಹುಪ್ಪಟೆ ತಿಂದು ಬದುಕುತ್ತದೆ. ನಿಮ್ಮ ಕಡೆ ಸೊಪ್ಪಿನ ಬೆಟ್ಟದಲ್ಲಿ ತರಗೆಲೆ ಸರಸರ ಅಂದಾಗ ಒಳಗೆ ಏನೋ ಇದೆ ಅಂತ ಗೊತ್ತಾಗುತ್ತದಲ್ಲ, ಹಾಗೆ. ಮೇಲೆ ಮರದ ಮುಚ್ಚಿಗೆ ಬೇಕು, ಕೆಳಗೆ ಒದ್ದೆ ತರಗೆಲೆ ಬೇಕು. ಇವೆರಡು ಇಲ್ಲದ ಜಾಗ ಅದರ ಪಾಲಿಗೆ ಜಾಗವೇ ಅಲ್ಲ. ಹಾರಿ ಹೋಗಬಹುದಿತ್ತಲ್ಲ ಅಂತ ಕೇಳಿದ್ದಿರಿ. ಉತ್ತರ ಇಲ್ಲೇ ಇದೆ. ರೆಕ್ಕೆ ಇದೆ, ಹಾರುತ್ತದೆ, ಆದರೆ ಈ ಕೊಂಬೆಯಿಂದ ಆ ಕೊಂಬೆಗೆ. ಬಯಲು ಅಂದರೆ ಆಗುವುದಿಲ್ಲ, ಸಮುದ್ರ ಅಂತೂ ಇಲ್ಲವೇ ಇಲ್ಲ. ಇಂಥದ್ದು ಬ್ಲ್ಯಾಕ್ ರಾಬಿನ್ ಒಂದಕ್ಕೇ ಅಲ್ಲ. ಹಿಂದೂ ಮಹಾಸಾಗರದ ಸೇಶೆಲ್ಸ್‌ನಲ್ಲಿ ಕಸಿನ್ ಅಂತ ಒಂದು ಪುಟ್ಟ ದ್ವೀಪ ಇದೆ, ಅದರ ಪಕ್ಕದಲ್ಲೇ ಒಂದೂವರೆ ಕಿಲೋಮೀಟರ್ ದೂರಕ್ಕೆ ಕಸೀನ್ ಅಂತ ಇನ್ನೊಂದು. 1960ರ ದಶಕದಲ್ಲಿ ಅಲ್ಲಿನ ಸೇಶೆಲ್ಸ್ ವಾರ್ಬ್ಲರ್ ಅನ್ನುವ 15 ಗ್ರಾಂ ತೂಕದ ಹಾಡುಹಕ್ಕಿ ಜಗತ್ತಿನಲ್ಲೆಲ್ಲ ಮೂವತ್ತರ ಒಳಗೆ ಉಳಿದಿತ್ತು, ಎಲ್ಲವೂ ಕಸಿನ್‌ನಲ್ಲೇ. ಆ ದ್ವೀಪವನ್ನು ಕೊಂಡು, ತೆಂಗಿನ ತೋಟ ಮಾಡಿಟ್ಟಿದ್ದ ಜಾಗದಲ್ಲಿ ಹಳೆಯ ಕಾಡು ಮತ್ತೆ ಬರಲು ಬಿಟ್ಟ ಮೇಲೆ ಹಕ್ಕಿ ಮುನ್ನೂರು ದಾಟಿತು, ದ್ವೀಪ ತುಂಬಿ ಹೋಯಿತು, ಆದರೂ ಕಣ್ಣಿಗೆ ಕಾಣುವ ಪಕ್ಕದ ದ್ವೀಪಕ್ಕೆ ಹೋಗಿ ಅವು ಸಂಸಾರ ಹೂಡಲಿಲ್ಲ. 1990ರಲ್ಲಿ ಮನುಷ್ಯರೇ 29 ಹಕ್ಕಿ ಹಿಡಿದು ಅಲ್ಲಿಗೆ ಒಯ್ದು ಬಿಡಬೇಕಾಯಿತು. ಒಯ್ದು ಬಿಟ್ಟಿದ್ದೇ ತಡ, ಅಲ್ಲಿ ಸಲೀಸಾಗಿ ಮರಿ ಮಾಡಿದವು. ಜಾಗ ಸರಿಯಿತ್ತು, ದಾಟುವುದೊಂದೇ ಆಗುತ್ತಿರಲಿಲ್ಲ.

ಈಗ ಬ್ಲ್ಯಾಕ್ ರಾಬಿನ್ ಒಂದೇ ದ್ವೀಪಕ್ಕೆ ಹೇಗೆ ಬಂತು ಅನ್ನುವುದು. ಅದು ಮೊದಲಿಂದ ಒಂದೇ ದ್ವೀಪದ್ದಲ್ಲ. ಚಾಥಮ್ ಗುಂಪಿನ ಬೇರೆ ದ್ವೀಪಗಳಲ್ಲೂ ಇತ್ತು. ಆ ಕಡೆಯ ಹಕ್ಕಿಗಳು ಬೆಳೆದು ಬಂದ ನೆಲದಲ್ಲಿ ಬಾವಲಿ ಬಿಟ್ಟರೆ ನೆಲದ ಮೇಲೆ ಓಡಾಡುವ ಸಸ್ತನಿ ಪ್ರಾಣಿಯೇ ಇರಲಿಲ್ಲ. ಇಲಿ ಇಲ್ಲ, ಬೆಕ್ಕಿಲ್ಲ, ಮುಂಗುಸಿ ಇಲ್ಲ. ಹಾಗಾಗಿ ಕೆಳಗೆ ಗೂಡು ಕಟ್ಟಬಾರದು, ನೆಲದಲ್ಲಿ ಸಪ್ಪಳ ಆದರೆ ಹಾರಬೇಕು ಅನ್ನುವ ಬುದ್ಧಿ ಬೇಕಾಗಿರಲಿಲ್ಲ. ಆಮೇಲೆ ಹಡಗು ಬಂದವು. ಹಡಗಿನ ಜೊತೆ ಇಲಿ ಬಂದವು, ಬೆಕ್ಕು ಬಂದವು. ಮಾಂಗೆರೆ ಅನ್ನುವ ದ್ವೀಪದಲ್ಲಿ ಮೊದಲು ಮೊಲ ಬಿಟ್ಟರು. ಮೊಲ ಜಾಸ್ತಿಯಾಯಿತು ಅಂತ ಬೆಕ್ಕು ತಂದು ಬಿಟ್ಟರು. ಬೆಕ್ಕು ಮೊಲವನ್ನೂ ಮುಗಿಸಿತು, ಹಕ್ಕಿಯನ್ನೂ ಮುಗಿಸಿತು. ಕುರಿ ಮೇಯಿಸಲು ಕಾಡು ಕಡಿದಿದ್ದು ಬೇರೆ. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಬ್ಲ್ಯಾಕ್ ರಾಬಿನ್ ಉಳಿದಿದ್ದು ಲಿಟಲ್ ಮಾಂಗೆರೆ ಅನ್ನುವ ಒಂದು ಬಂಡೆಯ ಮೇಲೆ. ಬಂಡೆ ಅಂತಲೇ ಅನ್ನಬೇಕು. ಸುತ್ತ ಕಡಿದಾದ ಪ್ರಪಾತ, ನೆತ್ತಿಯ ಮೇಲೆ ಒಂದಿಷ್ಟು ಕಾಡು, ಹತ್ತು ಹೆಕ್ಟೇರೂ ಇಲ್ಲ. ನಮ್ಮ ಕಡೆಯ ನಾಲ್ಕಾರು ಮನೆಯವರ ಸೊಪ್ಪಿನ ಬೆಟ್ಟ ಸೇರಿಸಿದರೆ ಅಷ್ಟಾದೀತು. ಆ ಪ್ರಪಾತವೇ ಕಾಪಾಡಿತು. ಇಲಿ, ಬೆಕ್ಕು ಹತ್ತಲಾಗಲಿಲ್ಲ.

ಅಷ್ಟು ಜಾಗದಲ್ಲಿ ಸುಮಾರು ನೂರು ವರ್ಷ ಆ ಜಾತಿ ಬದುಕಿತ್ತು. 1930ರ ದಶಕದ ಕೊನೆಯಲ್ಲಿ ಚಾರ್ಲ್ಸ್ ಫ್ಲೆಮಿಂಗ್ ಅನ್ನುವ ವಿಜ್ಞಾನಿ ಹತ್ತಿ ನೋಡಿದಾಗ 20ರಿಂದ 35 ಜೋಡಿ ಇರಬಹುದು ಅಂತ ಅಂದಾಜು ಮಾಡಿದರು. ಆಮೇಲೆ ಆ ನೆತ್ತಿಯ ಕಾಡೇ ಹಾಳಾಗುತ್ತ ಬಂತು. ಮರ ಒಣಗಿದಂತೆ ಗಾಳಿ ಒಳಗೆ ನುಗ್ಗುತ್ತದೆ, ಗಾಳಿ ನುಗ್ಗಿದಂತೆ ಇನ್ನಷ್ಟು ಮರ ಒಣಗುತ್ತದೆ. ಗಾಳಿಮಳೆಗೆ ಅಂಚಿನ ಅಡಿಕೆ ಮರ ಬಿದ್ದ ಮೇಲೆ ಒಳಗಿನ ಸಾಲಿನ ಗತಿ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. 1972ರಲ್ಲಿ 18 ಹಕ್ಕಿ. 1976ರಲ್ಲಿ ಏಳು. ಆ ಏಳರಲ್ಲಿ ಹೆಣ್ಣು ಎರಡೇ.

ಆಗ ನ್ಯೂಜಿಲೆಂಡಿನ ವನ್ಯಜೀವಿ ಇಲಾಖೆಯ ಡಾನ್ ಮರ್ಟನ್ ಮತ್ತು ಜೊತೆಯವರು ಏಳೂ ಹಕ್ಕಿಯನ್ನು ಹಿಡಿದು, ಪೆಟ್ಟಿಗೆಯಲ್ಲಿಟ್ಟು, ಆ ಪ್ರಪಾತ ಇಳಿಸಿ, ಪಕ್ಕದ ಮಾಂಗೆರೆಗೆ ಸಾಗಿಸಿದರು. 1976ರಲ್ಲಿ ಐದು, ಮರುವರ್ಷ ಎರಡು. ಅಷ್ಟು ಹೊತ್ತಿಗೆ ಮಾಂಗೆರೆಯಲ್ಲಿ ಬೆಕ್ಕು ಸತ್ತು ಮುಗಿದಿದ್ದವು, ಕುರಿಗಳನ್ನು ತೆಗೆದಿದ್ದರು, ಗಾಳಿ ತಡೆಯಲಿ ಅಂತ ಅಲ್ಲಿನದೇ ಅಕೆಅಕೆ ಅನ್ನುವ ಮರದ ಸಸಿ ನೆಡುತ್ತಿದ್ದರು. ಎಲ್ಲ ಸೇರಿ ನೆಟ್ಟಿದ್ದು ಸುಮಾರು 1,20,000 ಸಸಿ. ಈ ಭಾಗ ಯಾರೂ ಜಾಸ್ತಿ ಹೇಳುವುದಿಲ್ಲ, ಹಕ್ಕಿಯ ಕತೆಯಲ್ಲಿ ಸಸಿ ಮುಚ್ಚಿ ಹೋಗುತ್ತದೆ. ಆದರೆ ಸಸಿ ಇಲ್ಲದೆ ಹಕ್ಕಿ ಇಲ್ಲ.

ಮಾಂಗೆರೆಗೆ ಬಂದ ಮೇಲೂ ಲೆಕ್ಕ ಇಳಿಯಿತು. 1980ಕ್ಕೆ ಐದು. ಮೂರು ಗಂಡು, ಎರಡು ಹೆಣ್ಣು. ಅದರಲ್ಲಿ ಬದುಕುವ ಮರಿ ಕೊಡುತ್ತಿದ್ದ ಹೆಣ್ಣು ಒಂದೇ ಒಂದು. ಅದರ ಕಾಲಿಗೆ ಗುರುತಿಗೆ ಹಾಕಿದ್ದ ನೀಲಿ ಬಳೆಯಿಂದ ಅದಕ್ಕೆ ಓಲ್ಡ್ ಬ್ಲೂ ಅಂತ ಹೆಸರು ಬಂತು. ಈ ಹಕ್ಕಿಗಳು ಸಾಮಾನ್ಯವಾಗಿ ನಾಲ್ಕಾರು ವರ್ಷ ಬದುಕುತ್ತವೆ. ಓಲ್ಡ್ ಬ್ಲೂಗೆ ಆಗಲೇ ಎಂಟು ದಾಟಿತ್ತು. ಅಜ್ಜಿ ವಯಸ್ಸು. 1979ರಲ್ಲಿ ಅವಳು ಹಳೆಯ ಜೊತೆ ಬಿಟ್ಟು ಹಳದಿ ಬಳೆಯ ಓಲ್ಡ್ ಯೆಲ್ಲೋ ಜೊತೆ ಸೇರಿದಳು. ಇವತ್ತು ಜಗತ್ತಿನಲ್ಲಿ ಇರುವ ಪ್ರತಿಯೊಂದು ಬ್ಲ್ಯಾಕ್ ರಾಬಿನ್ ಆ ಜೋಡಿಯ ಸಂತಾನ. ಒಂದು ಬಿಡದೆ.

ಐದು ಹೇಗೆ ನೂರಾಯಿತು? ನಿಮ್ಮ ಮನೆಯಲ್ಲಿ ಊರುಕೋಳಿ ಇದ್ದರೆ ಅರ್ಧ ಉತ್ತರ ನಿಮಗೆ ಗೊತ್ತು. ಮೊಟ್ಟೆ ತೆಗೆಯುತ್ತ ಹೋದರೆ ಕೋಳಿ ಇಡುತ್ತ ಹೋಗುತ್ತದೆ, ಬಿಟ್ಟರೆ ಕಾವಿಗೆ ಕೂತುಬಿಡುತ್ತದೆ. ಬ್ಲ್ಯಾಕ್ ರಾಬಿನ್ ವರ್ಷಕ್ಕೆ ಒಂದು ಸಲ ಮೊಟ್ಟೆ ಇಡುವುದು, ಹೆಚ್ಚಾಗಿ ಎರಡು. ಆ ಎರಡನ್ನೂ ತೆಗೆದರೆ ಮತ್ತೆ ಗೂಡು ಕಟ್ಟಿ ಮತ್ತೆ ಇಡುತ್ತದೆ. ಹಾಗಾದರೆ ತೆಗೆದ ಮೊಟ್ಟೆಗೆ ಕಾವು ಕೊಡುವವರು ಯಾರು? ಇಲ್ಲಿ ಮನುಷ್ಯರು ಕೋಗಿಲೆಯ ಕೆಲಸ ಮಾಡಿದರು. ಬೇರೆ ಹಕ್ಕಿಯ ಗೂಡಲ್ಲಿಟ್ಟರು. ವ್ಯತ್ಯಾಸ ಏನೆಂದರೆ ಕೋಗಿಲೆಗೆ ಯಾವ ಗೂಡು ಅಂತ ಗೊತ್ತು. ಇವರಿಗೆ ಗೊತ್ತಿರಲಿಲ್ಲ, ಹುಡುಕಬೇಕಾಯಿತು.

ಮರ್ಟನ್ ಚಿಕ್ಕವರಿದ್ದಾಗ ತಮ್ಮ ಅಜ್ಜಿ ಸಾಕಿದ್ದ ಕ್ಯಾನರಿ ಹಕ್ಕಿಯ ಹತ್ತಿರ ಗೋಲ್ಡ್‌ಫಿಂಚ್ ಮರಿಗಳನ್ನು ಬಿಟ್ಟು ಸಾಕಿಸಿದ್ದರಂತೆ. ಆ ನೆನಪಿನ ಎಳೆ ಇಲ್ಲಿಗೆ ಬಂತು. ನನಗೆ ಈ ಕತೆಯಲ್ಲಿ ತುಂಬ ಇಷ್ಟವಾದ ಜಾಗ ಇದು.

ಮೊದಲು ಮಾಂಗೆರೆಯಲ್ಲೇ ಇದ್ದ ಸ್ಥಳೀಯ ವಾರ್ಬ್ಲರ್ ಗೂಡಲ್ಲಿಟ್ಟರು. ಮೊಟ್ಟೆ ಒಡೆಯಿತು, ಮರಿ ಬಂತು. ಆದರೆ ಆ ಸಾಕುತಾಯಿ ತೀರ ಸಣ್ಣ ಹಕ್ಕಿ, ಬೆಳೆಯುವ ರಾಬಿನ್ ಮರಿಗೆ ಬೇಕಾದಷ್ಟು ತಂದು ಹಾಕಲು ಅದರ ಕೈಲಾಗಲಿಲ್ಲ. ಮರಿಗಳು ಸತ್ತವು. ಐದು ಹಕ್ಕಿ ಉಳಿದ ಜಾತಿಯಲ್ಲಿ ಒಂದು ಮರಿ ಸತ್ತರೆ ಎದೆ ಹೇಗಾಗಿರಬೇಕು ಯೋಚಿಸಿ. ಆಮೇಲೆ ರಾಬಿನ್‌ನ ಹತ್ತಿರದ ಸಂಬಂಧಿಯೇ ಆದ ಟಾಮ್‌ಟಿಟ್ ಹಕ್ಕಿಯ ಗೂಡು ನೋಡಿದರು. ಟಾಮ್‌ಟಿಟ್ ಇದ್ದಿದ್ದು ರಂಗತಿರಾ ಅನ್ನುವ ಇನ್ನೊಂದು ದ್ವೀಪದಲ್ಲಿ. ಮೊಟ್ಟೆಯನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಆ ಅಲೆಯಲ್ಲಿ ದೋಣಿ ಮೇಲೆ ಒಯ್ಯಬೇಕು. ಒಯ್ದರು. ಟಾಮ್‌ಟಿಟ್ ಚೆನ್ನಾಗಿ ಸಾಕಿತು.

ಮುಟ್ಟಿದ ಮೊಟ್ಟೆ, ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ನಂಬಿದ್ದೆ. ಸಾಗರದ ನಮ್ಮ ಹಳೆ ಮನೆಯ ಅಂಗಳದಲ್ಲಿ, ದಾಸವಾಳದ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿತ್ತು. ಎದೆಮಟ್ಟಕ್ಕೂ ಕೆಳಗೆ. ಒಂದು ಬೆಳಿಗ್ಗೆ ಮರಿ ಕೆಳಗೆ ಬಿದ್ದಿತ್ತು. ಪುಕ್ಕ ಇನ್ನೂ ಕಡ್ಡಿ ಥರ, ಕಣ್ಣು ಆಗಷ್ಟೇ ಬಿಟ್ಟಿದೆ, ಹೊಟ್ಟೆಯ ಚರ್ಮ ಎಷ್ಟು ತೆಳು ಅಂದರೆ ಒಳಗಿನ ಹಸಿರು ಛಾಯೆ ಕಾಣುತ್ತಿತ್ತು. ಇರುವೆ ಹತ್ತಲು ಶುರುವಾಗಿತ್ತು. ಇರುವೆ ಊದಿ, ಎತ್ತಿ ಗೂಡಿಗೆ ಇಟ್ಟು, ಕಿಟಕಿ ಹಿಂದೆ ನಿಂತೆ. ಐದು ನಿಮಿಷ ಆಗಿರಬಹುದು, ತಾಯಿ ಬಾಯಲ್ಲಿ ಒಂದು ಮಿಡತೆ ಕಚ್ಚಿಕೊಂಡು ಬಂತು, ಗೂಡಿನ ಅಂಚಿನಲ್ಲಿ ಕೂತು ಒಂದು ಸಲ ಆಚೀಚೆ ನೋಡಿತು, ಬಾಯಿ ತೆರೆದಿದ್ದ ಮರಿಗೆ ತುರುಕಿತು. ಅದು ನಾನು ಮುಟ್ಟಿದ ಮರಿಯೇ. ಹಾಡುಹಕ್ಕಿಗಳಿಗೆ ನಮ್ಮ ಕೈ ವಾಸನೆಗಿಂತ ಎದುರಿಗೆ ತೆರೆದ ಬಾಯಿ ದೊಡ್ಡದು. ಮರ್ಟನ್ ಅವರ ಕೆಲಸ ನಡೆದಿದ್ದೂ ಅದೇ ಬಲದ ಮೇಲೆ. ಸುಮ್ನೆ ಗೂಡಿಗೆ ಕೈ ಹಾಕಿ ಅಂತ ಇದರ ಅರ್ಥ ಅಲ್ಲ, ಪದೇ ಪದೇ ಹೋದರೆ ಕಾಗೆ ನೋಡಿಕೊಂಡಿರುತ್ತದೆ.

ಟಾಮ್‌ಟಿಟ್ ಸಾಕಿದ್ದರಲ್ಲಿ ಬೇರೆ ಒಂದು ತೊಡಕು ಎದ್ದಿತು. ಮರಿ ತಾನೂ ಟಾಮ್‌ಟಿಟ್ ಅಂದುಕೊಂಡು ಬೆಳೆಯಿತು. ಸಾಕಿದವರ ಹಾಡು ಕಲಿಯಿತು, ಅವುಗಳಲ್ಲೇ ಜೊತೆ ಹುಡುಕಿತು. ಹಕ್ಕಿ ಬದುಕಿದೆ, ಆದರೆ ಜಾತಿ ಬೆಳೆಯುವುದಿಲ್ಲ. ಅದಕ್ಕೇ ಮರಿ ಹಾರುವ ಹೊತ್ತಿಗೆ ಮತ್ತೆ ರಾಬಿನ್ ಗೂಡಿಗೆ ತಂದು ಸೇರಿಸುವ ಕ್ರಮ ಮಾಡಿದರು. ಮೊಟ್ಟೆ ಅಲ್ಲಿಗೆ, ಮರಿ ಇಲ್ಲಿಗೆ. ಹೀಗೆ ವರ್ಷಗಟ್ಟಲೆ. ರಂಗತಿರಾದಲ್ಲೂ ರಾಬಿನ್ ಬಿಟ್ಟರು. ಓಲ್ಡ್ ಬ್ಲೂ ಕೊನೆಯ ಸಲ ಕಂಡಿದ್ದು 1983ರ ಕೊನೆಯಲ್ಲಿ, ಆಗ ಅವಳಿಗೆ ಕಡಿಮೆ ಅಂದರೂ ಹದಿಮೂರು ವರ್ಷ. 1989ರ ಹೊತ್ತಿಗೆ ಹಕ್ಕಿ ನೂರರ ಹತ್ತಿರ ಬಂದಿತ್ತು. ಈಗ ಎರಡು ದ್ವೀಪ ಸೇರಿ ಇನ್ನೂರೈವತ್ತು, ಮುನ್ನೂರರ ನಡುವೆ ಇವೆ.

ಇಲ್ಲಿಗೆ ಕತೆ ಮುಗಿಸಿಬಿಟ್ಟರೆ ಮಗಳಿಗೆ ಖುಷಿಯಾಗುತ್ತದೆ. ಆದರೆ ನನಗೆ ಹೇಳಬೇಕಾಗಿರುವುದು ಮುಂದಿದೆ, ಅವಳಿಗೂ ಓದಿ ಹೇಳಿ.

1984ರಲ್ಲಿ ಒಂದು ಹೆಣ್ಣು ಹಕ್ಕಿ ಮೊಟ್ಟೆಯನ್ನು ಗೂಡಿನ ಬಟ್ಟಲಿನ ಒಳಗೆ ಇಡದೆ ಅಂಚಿನ ಮೇಲೆ ಇಟ್ಟಿತು. ಅಂಚಿನ ಮೊಟ್ಟೆಗೆ ಹಕ್ಕಿ ಕಾವು ಕೊಡುವುದಿಲ್ಲ. ತಣ್ಣಗಾಗಿ ಹಾಳಾಗುತ್ತದೆ. ಆಗ ಒಂದೊಂದು ಮೊಟ್ಟೆಯೂ ಚಿನ್ನ. ನೋಡಿದವರು ಏನು ಮಾಡುತ್ತಾರೆ? ಬೆರಳಲ್ಲಿ ಮೆಲ್ಲಗೆ ಒಳಗೆ ತಳ್ಳಿದರು. ಮೊಟ್ಟೆ ಒಡೆದು ಮರಿಯಾಯಿತು. ನಾನಿದ್ದರೂ ತಳ್ಳುತ್ತಿದ್ದೆ, ನೀವೂ ತಳ್ಳುತ್ತಿದ್ದಿರಿ. ಮರುವರ್ಷ ಇನ್ನೊಂದಿಷ್ಟು ಹೆಣ್ಣು ಹಕ್ಕಿ ಹಾಗೇ ಇಟ್ಟವು. ಅವನ್ನೂ ತಳ್ಳಿದರು. 1989ಕ್ಕೆ ನೋಡಿದರೆ ಅರ್ಧಕ್ಕಿಂತ ಹೆಚ್ಚು ಹೆಣ್ಣು ಹಕ್ಕಿಗಳು ಅಂಚಿನಲ್ಲಿ ಮೊಟ್ಟೆ ಇಡುತ್ತಿದ್ದವು.

ಆಗಿದ್ದು ಇಷ್ಟು. ಅಂಚಿನಲ್ಲಿ ಇಡುವುದು ರಕ್ತದಲ್ಲಿ ಬಂದ ಅಭ್ಯಾಸ, ತಾಯಿಯಿಂದ ಮಾತ್ರ ಅಲ್ಲ, ತಂದೆಯ ಕಡೆಯಿಂದಲೂ ದಾಟುವಂಥದ್ದು, ಒಂದು ಕಡೆಯಿಂದ ಬಂದರೂ ಸಾಕು ತಲೆ ಎತ್ತುವಂಥದ್ದು. ಮನುಷ್ಯರು ಕೈ ಹಾಕದೆ ಬಿಟ್ಟಿದ್ದರೆ ಅಂಚಿನ ಮೊಟ್ಟೆ ಹಾಳಾಗಿ, ಆ ಅಭ್ಯಾಸ ಮೊಟ್ಟೆಯ ಜೊತೆಗೇ ಕಡಿಮೆಯಾಗುತ್ತಿತ್ತು. ಮನುಷ್ಯರ ಬೆರಳು ಅದನ್ನು ಒಳಗೆ ತಳ್ಳಿ ಉಳಿಸಿತು. ಮೊಟ್ಟೆ ಉಳಿಸಿದಾಗ ತಪ್ಪೂ ಉಳಿಯಿತು. ಇನ್ನೂ ಹತ್ತಿಪ್ಪತ್ತು ವರ್ಷ ಹಾಗೇ ನಡೆದಿದ್ದರೆ ಏನಾಗುತ್ತಿತ್ತು? ಪ್ರತಿ ಗೂಡಿಗೂ ಒಬ್ಬ ಮನುಷ್ಯ ಬೇಕಾಗುತ್ತಿತ್ತು. ಮನುಷ್ಯ ಒಂದು ವರ್ಷ ಹೋಗದಿದ್ದರೆ ಆ ವರ್ಷ ಮರಿಯೇ ಇಲ್ಲ.

1989ರಲ್ಲಿ ತಳ್ಳುವುದು ನಿಲ್ಲಿಸಿದರು. ಮೊಟ್ಟೆ ಹಾಳಾದರೆ ಹಾಳಾಗಲಿ ಅಂತ ಬಿಟ್ಟರು. ಆಮೇಲೆ ಅಂಚಿನಲ್ಲಿ ಇಡುವ ಹಕ್ಕಿಗಳ ಪಾಲು ವರ್ಷದಿಂದ ವರ್ಷಕ್ಕೆ ಇಳಿಯಿತು. ಇದನ್ನೆಲ್ಲ ಲೆಕ್ಕ ಹಾಕಿ ಪ್ರಕಟಿಸಿದ್ದು 2013ರಲ್ಲಿ, ಅದನ್ನು ಬರೆದವರಲ್ಲಿ ಮರ್ಟನ್ ಹೆಸರೂ ಇದೆ. ಅವರು 2011ರಲ್ಲೇ ತೀರಿಕೊಂಡಿದ್ದರು. ತಾವೇ ಕೈಯಾರೆ ಉಳಿಸಿದ ಹಕ್ಕಿಯಲ್ಲಿ ತಮ್ಮ ಸಹಾಯದಿಂದಲೇ ಬೆಳೆದ ತೊಂದರೆಯನ್ನು ಲೋಕದ ಎದುರು ಇಡುವ ಕೆಲಸಕ್ಕೆ ಅವರೂ ಕೈ ಹಾಕಿದ್ದರು ಅನ್ನುವುದು ನನಗೆ ಆ ಮೊಟ್ಟೆ ಸಾಗಿಸಿದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅವತ್ತು ತಳ್ಳಿದ್ದು ಸರಿ, ಆಮೇಲೆ ನಿಲ್ಲಿಸಿದ್ದೂ ಸರಿ. ಎರಡರ ನಡುವೆ ಐದೇ ವರ್ಷ.

ಹತ್ತಿರದ ಸಂಬಂಧದ ಪ್ರಶ್ನೆ. ಇದನ್ನು ಮಗಳಿಗೆ ಹೀಗೆ ಹೇಳಿ. ಮನೆಯ ಹಳೆ ಕಾಗದಪತ್ರ ಎರಡು ಪ್ರತಿ ಇದೆ ಅಂದುಕೊಳ್ಳಿ, ಒಂದು ಅಪ್ಪನ ಕಡೆಯಿಂದ ಬಂದಿದ್ದು, ಒಂದು ಅಮ್ಮನ ಕಡೆಯಿಂದ. ಒಂದಕ್ಕೆ ಗೆದ್ದಲು ಹಿಡಿದು ನಾಲ್ಕು ಸಾಲು ಹೋಗಿದ್ದರೆ ಇನ್ನೊಂದನ್ನು ನೋಡಿ ಓದಿಕೊಳ್ಳಬಹುದು. ಆದರೆ ಎರಡೂ ಪ್ರತಿ ಒಂದೇ ಅಜ್ಜನ ಪೆಟ್ಟಿಗೆಯಿಂದ ಬಂದಿದ್ದರೆ? ಗೆದ್ದಲಿನ ತೂತು ಎರಡರಲ್ಲೂ ಒಂದೇ ಜಾಗದಲ್ಲಿ ಇರುತ್ತದೆ, ಆ ಸಾಲು ಓದಲು ಯಾರಿಂದಲೂ ಆಗುವುದಿಲ್ಲ. ಹತ್ತಿರದ ಸಂಬಂಧದಲ್ಲಿ ಹುಟ್ಟಿದವರಿಗೆ ತೊಂದರೆ ಬರುವುದು ಹೀಗೆ. ಹಕ್ಕಿಯಲ್ಲೂ ಅದೇ, ಮನುಷ್ಯರಲ್ಲೂ ಅದೇ.

ಬ್ಲ್ಯಾಕ್ ರಾಬಿನ್ ನೂರು ವರ್ಷ ಒಂದೇ ಬಂಡೆಯ ಮೇಲೆ ಬದುಕಿದ್ದರಿಂದ ತೂತು ಇದ್ದ ಪ್ರತಿಗಳೆಲ್ಲ ಮೊದಲೇ ಅಳಿದು, ಓದಲು ಬರುವಂಥವೇ ಉಳಿದಿರಬೇಕು ಅಂತ ಬಹಳ ಜನ ನಂಬಿದ್ದರು. ಹಕ್ಕಿ ಬೆಳೆಯುತ್ತಿದ್ದ ವೇಗ ನೋಡಿದರೆ ಹಾಗೇ ಅನ್ನಿಸುತ್ತಿತ್ತು. ಆದರೆ ಪ್ರತಿ ಹಕ್ಕಿಗೂ ಬಳೆ ಹಾಕಿ, ಯಾರು ಯಾರ ಮರಿ ಅಂತ ವಂಶಾವಳಿ ಬರೆದಿಟ್ಟಿದ್ದರಲ್ಲ, ಅದನ್ನು ಕೂತು ಲೆಕ್ಕ ಹಾಕಿದಾಗ ಬೇರೆಯೇ ಕಂಡಿತು. ಸಂಬಂಧ ಹತ್ತಿರವಾದಷ್ಟೂ ಎಳೆಯ ಹಕ್ಕಿಗಳು ಸಾಯುವುದು ಜಾಸ್ತಿ. ತೊಂದರೆ ಹೋಗಿಲ್ಲ, ಇದ್ದೇ ಇದೆ. ಸಂಖ್ಯೆ ಹೆಚ್ಚಾದ ಸಂತೋಷದಲ್ಲಿ ಅದು ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ. ಇನ್ನೊಂದು ಭಯವೂ ಇದೆ. ಎಲ್ಲ ಹಕ್ಕಿಯ ರಕ್ತ ಒಂದೇ ಥರ ಇದ್ದರೆ ಒಂದು ಹೊಸ ರೋಗ ಬಂದಾಗ ತಡೆದುಕೊಳ್ಳುವವು, ತಡೆದುಕೊಳ್ಳದವು ಅಂತ ಎರಡು ಪಂಗಡ ಇರುವುದಿಲ್ಲ. ಎಲ್ಲ ತೋಟದಲ್ಲೂ ಒಂದೇ ತಳಿ ಇದ್ದರೆ ಕೊಳೆರೋಗ ಬಂದ ವರ್ಷ ಏನಾಗುತ್ತದೆ, ಹಾಗೆ. ಹಾಗಾಗಿ ಬದುಕಿದೆ ಅನ್ನಬಹುದು, ಗಟ್ಟಿಯಾಗಿದೆ ಅನ್ನಲು ನನ್ನ ಬಾಯಿ ಬರುವುದಿಲ್ಲ.

ನಮ್ಮ ಹಿನ್ನೀರಿನ ನಡುಗಡ್ಡೆಗಳು. ಒಳ್ಳೆಯ ಪ್ರಶ್ನೆ, ಹಿನ್ನೀರು ನೋಡುತ್ತಾ ಬೆಳೆದ ಮಗುವಿಗೆ ಮಾತ್ರ ಹೊಳೆಯುವಂಥದ್ದು. ಲಿಂಗನಮಕ್ಕಿ ಅಣೆಕಟ್ಟು ಆಗಿದ್ದು 1964ರಲ್ಲಿ. ಇವತ್ತು ನಡುಗಡ್ಡೆಯಾಗಿ ಕಾಣುವುದೆಲ್ಲ ಅವತ್ತಿನ ಗುಡ್ಡದ ನೆತ್ತಿ. ಅರವತ್ತು ವರ್ಷ ಅಂದರೆ ನಮಗೆ ಒಂದು ಆಯಸ್ಸು, ಆದರೆ ಹೊಸ ಜಾತಿ ಹುಟ್ಟಲು ಅದು ಏನೂ ಅಲ್ಲ, ಲಕ್ಷಗಟ್ಟಲೆ ವರ್ಷದ ಮಾತು ಅದು. ಅದಕ್ಕಿಂತ ಮುಖ್ಯ, ಹಕ್ಕಿ ಅಲ್ಲಿ ಬೇರೆಯಾಗಿ ಉಳಿಯಬೇಕು. ಸೇತುವೆ ಆಗುವ ಮುಂಚೆ ಲಾಂಚಿನಲ್ಲಿ ನಿಂತು ಹೋಗುವಾಗ ಪಿಕಳಾರದ ಜೋಡಿಯೊಂದು ನಮ್ಮ ತಲೆ ಮೇಲೆ ಮಾತಾಡಿಕೊಳ್ಳುತ್ತಾ ನಡುಗಡ್ಡೆಯಿಂದ ದಡಕ್ಕೆ ದಾಟಿದ್ದನ್ನು ನೋಡಿದ್ದೇನೆ. ಆ ಜೋಡಿಯ ಪಾಲಿಗೆ ಅದು ದ್ವೀಪ ಅಲ್ಲ, ನೀರಿನ ಆಚೆಯ ಪಕ್ಕದ ಮನೆ. ಬೇಸಿಗೆಯಲ್ಲಿ ನೀರು ಇಳಿದಾಗ ಎಷ್ಟೋ ನಡುಗಡ್ಡೆಗೆ ನಡೆದೇ ಹೋಗಬಹುದು, ನಿಮಗೇ ಗೊತ್ತು.

ಆದರೆ ಮಗಳ ಪ್ರಶ್ನೆಗೆ ಇಲ್ಲ ಅಂದು ಬಿಡಲು ಮನಸ್ಸಿಲ್ಲ, ಯಾಕೆಂದರೆ ನಮ್ಮ ಘಟ್ಟದಲ್ಲೇ ನಿಜವಾದ ದ್ವೀಪಗಳಿವೆ. ನೀರಿನಲ್ಲಿ ಅಲ್ಲ, ಎತ್ತರದಲ್ಲಿ. ಎತ್ತರದ ಗುಡ್ಡಗಳ ಕಣಿವೆಯಲ್ಲಿ ಸುತ್ತ ಹುಲ್ಲು, ನಡುವೆ ಗಿಡ್ಡ ಮರಗಳ ದಟ್ಟ ಕಾಡು ಇರುತ್ತದಲ್ಲ, ಶೋಲಾ ಕಾಡು ಅಂತಾರೆ. ಆ ತಂಪಿಗೆ ಒಗ್ಗಿಕೊಂಡ ಹಕ್ಕಿಗೆ ಕೆಳಗಿನ ಬಿಸಿ ಕಣಿವೆಯೇ ಸಮುದ್ರ. ದಾಟುವುದಿಲ್ಲ. ಅಲ್ಲಿರುವ ಶೋಲಕಿಳಿ ಅನ್ನುವ ನೀಲಿ ಹಾಡುಹಕ್ಕಿಯನ್ನು ನೋಡಿ. ಕಿಳಿ ಅಂದರೆ ಮಲಯಾಳದಲ್ಲಿ ಹಕ್ಕಿ, ನಮ್ಮ ಗಿಳಿ ಅನ್ನುವ ಮಾತಿನ ನೆಂಟ. ಪಾಲಕ್ಕಾಡಿನ ಹತ್ತಿರ ಘಟ್ಟದ ಸಾಲು ಒಂದು ಕಡೆ ಕಡಿದು ತಗ್ಗಾಗಿದೆ. ಆ ತಗ್ಗಿನ ಉತ್ತರಕ್ಕೆ ನೀಲಗಿರಿ, ಬ್ರಹ್ಮಗಿರಿ, ನಮ್ಮ ಬಾಬಾಬುಡನ್‌ಗಿರಿ ಕಡೆಯ ಶೋಲಕಿಳಿ ಒಂದು ಜಾತಿ, ದಕ್ಷಿಣದ್ದು ಬೇರೆ. ಇವುಗಳ ಕುಲವೇ ಜಗತ್ತಿನ ಬೇರೆ ಯಾವ ಹಕ್ಕಿಯದ್ದೂ ಅಲ್ಲ ಅಂತ ಡಿಎನ್‌ಎ ನೋಡಿ ಗುರುತಿಸಿ, ಅದಕ್ಕೆ ಪ್ರತ್ಯೇಕ ಹೆಸರಿಟ್ಟಿದ್ದು 2017ರಲ್ಲಿ, ಅಂದರೆ ಮೊನ್ನೆ ಮೊನ್ನೆ. ಮಗಳು ದ್ವೀಪದ ಹಕ್ಕಿ ನೋಡಬೇಕು ಅಂದರೆ ನ್ಯೂಜಿಲೆಂಡಿಗೆ ಹೋಗಬೇಕಿಲ್ಲ. ಮುಂದೆ ಯಾವತ್ತಾದರೂ ಬೆಳಗಿನ ಜಾವ ಶೋಲಾ ಕಾಡಿನ ಅಂಚಿಗೆ 

ಕರೆದುಕೊಂಡು ಹೋಗಿ, ಮಾತಾಡದೆ ಅರ್ಧ ಗಂಟೆ ಕೂರಿಸಿ.

ಇನ್ನು ಬೆಕ್ಕು. ಮಡಿವಾಳ ಹಕ್ಕಿಯ ನೆಂಟನ ಮಾತು ಹೇಳಿದ್ದೆನಲ್ಲ. ಸೇಶೆಲ್ಸ್‌ನ ಮಡಿವಾಳ, ನಮ್ಮದರ ಹಾಗೇ ಕಪ್ಪು ಬಿಳುಪು, ಹಾಗೇ ನೆಲದ ಮೇಲೆ ಕುಪ್ಪಳಿಸಿ ಹುಳ ಹೆಕ್ಕುವುದು. 1965ರ ಹೊತ್ತಿಗೆ ಅದು ಫ್ರಿಗೇಟ್ ಅನ್ನುವ ಒಂದೇ ದ್ವೀಪದಲ್ಲಿ ಉಳಿದಿತ್ತು, ಹನ್ನೆರಡರಿಂದ ಹದಿನೈದು ಹಕ್ಕಿ. ದ್ವೀಪದಲ್ಲಿ ಕಾಡುಪಾಲಾದ ಬೆಕ್ಕುಗಳಿದ್ದವು. ಬೆಕ್ಕು ತೆಗೆದು, ಆವಾಸ ಸರಿಮಾಡಿ, ಬೇರೆ ದ್ವೀಪಗಳಿಗೂ ಒಯ್ದು ಬಿಟ್ಟ ಮೇಲೆ ಈಗ ಇನ್ನೂರು ದಾಟಿದೆ.

ನಿಮ್ಮ ಮೂರು ಬೆಕ್ಕಿನಿಂದ ಮಲೆನಾಡಿನ ಯಾವ ಹಕ್ಕಿಯೂ ನಿರ್ವಂಶ ಆಗುವುದಿಲ್ಲ. ನಮ್ಮ ಹಕ್ಕಿಗಳು ಹಾವು, ಮುಂಗುಸಿ, ಕಾಡುಬೆಕ್ಕು, ಪುನುಗು ಇವುಗಳ ನಡುವೆಯೇ ಬೆಳೆದು ಬಂದಿವೆ, ಹುಷಾರು ಅನ್ನುವುದು ಅವುಗಳ ಮೈಯಲ್ಲೇ ಇದೆ. ಆದರೆ ಮರಿಗೆ ಆ ಹುಷಾರು ಬರಲು ದಿನ ಬೇಕು. ಮಡಿವಾಳದ ಮರಿ ಪೊಟರೆಯಿಂದ ಹೊರಗೆ ಬಂದ ಮೊದಲ ಕೆಲವು ದಿನ ಸರಿಯಾಗಿ ಹಾರಲಾರದೆ ತಗ್ಗಿನಲ್ಲಿ, ಬೇಲಿಯ ಬುಡದಲ್ಲಿ, ಬಚ್ಚಲು ಮನೆಯ ಹಿಂದೆ ಕೂತು ಚೀರುತ್ತಿರುತ್ತದೆ. ಬೆಕ್ಕಿಗೆ ಅಷ್ಟು ಸಾಕು. ಮಾರ್ಚ್‌ನಿಂದ ಜೂನ್‌ವರೆಗೆ ಬೆಳಗಿನ ಜಾವ ಮತ್ತೆ ಸಂಜೆ ಎರಡೆರಡು ಗಂಟೆ ಬೆಕ್ಕನ್ನು ಒಳಗೆ ಹಾಕಿ, ಹೊಟ್ಟೆ ತುಂಬ ಹಾಲನ್ನ ಹಾಕಿ. ಹೊಟ್ಟೆ ತುಂಬಿದ ಬೆಕ್ಕೂ ಹಕ್ಕಿ ಹಿಡಿಯುತ್ತದೆ, ಹಾಗಾಗಿ ಬಾಗಿಲು ಹಾಕುವುದೇ ಮುಖ್ಯ. ಗೂಡು ಇರುವ ಗಿಡದ ಬುಡಕ್ಕೆ ಮುಳ್ಳಿನ ಕೊಂಬೆ ಕಟ್ಟಿ. ಮರಿ ಕೆಳಗೆ ಬಿದ್ದಿದ್ದರೆ, ಪುಕ್ಕ ಬಂದಿಲ್ಲ ಅಂದರೆ ಎತ್ತಿ ಗೂಡಿಗೆ ಇಡಿ. ಪುಕ್ಕ ಬಂದು ಕುಪ್ಪಳಿಸುತ್ತಿದ್ದರೆ ಹತ್ತಿರದ ಪೊದೆಯ ಮೇಲೆ ಕೂರಿಸಿ ಒಳಗೆ ಬನ್ನಿ, ತಾಯಿ ಅಲ್ಲೇ ಎಲ್ಲೋ ಹುಳ ಕಚ್ಚಿಕೊಂಡು ನೀವು ಹೋಗುವುದನ್ನೇ ಕಾಯುತ್ತಿರುತ್ತದೆ.